ಕುಯ್ಯೋ ಹುಂಜಕ್ಕೆ ಯಾಕೆ ಇಷ್ಟೊಂದು ಆರೈಕೆ?

ಇಲ್ಲಿ ಏನಾದರೂ ಬರೆದು ಮೂರ್ನಾಲ್ಕು ತಿಂಗಳೇ ಆಯ್ತು. ಆಫೀಸಿನಲ್ಲಿ ರಿಲೀಸ್, ಅದು ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು ರಿಲೀಸ್... ನೆಪ ಹೇಳ್ತಾ ಕೂತರೆ ಅದೇ ಒಂದು ಪೋಸ್ಟ್ ಆಗುತ್ತೆ. ಈಗ ಬರೆಯೋಕೆ ಕೂತಿರೋದು ಒಂದು ಹುಂಜದ ಕಾರಣಕ್ಕೆ. ನಗಬೇಡಿ, ನಿಜವಾಗಲೂ ಹುಂಜ.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ, ವಿ.ಸಿ. ನಾಲೆಯ ಕೊನೆಭಾಗದಲ್ಲಿದೆ. ನಮಗೆ ನೀರು ಬರೋದು ಎಲ್ಲರಿಗಿಂತ ತಡವಾಗಿ, ಆದರೆ ಸೊಳ್ಳೆ ಮಾತ್ರ ಸರಿಯಾದ ಟೈಮಿಗೆ ಬಂದುಬಿಡುತ್ತೆ. ಅವ್ವ ಹಿತ್ತಲಲ್ಲಿ ಕೋಳಿ ಸಾಕ್ತಾಳೆ. ನಾನು ಹುಟ್ಟೋಕೆ ಮುಂಚಿಂದಲೂ ಸಾಕ್ತಿದ್ದಾಳೆ. ನಾನು ಸಿಇಟಿ ದಾಖಲೆ ಪರಿಶೀಲನೆಗೆ ಹೋದ ದಿನದ ಬಸ್ ಚಾರ್ಜು ಮೊಟ್ಟೆ ಮಾರಿದ ದುಡ್ಡು. ಅಪ್ಪನಿಗೆ ಕಬ್ಬಿನ ಬಿಲ್ ಯಾವಾಗ ಬರುತ್ತೋ ಗೊತ್ತಿರಲಿಲ್ಲ, ಅವ್ವನ ಸಾಸಿವೆ ಡಬ್ಬಿಯಲ್ಲಿ ಮಾತ್ರ ಯಾವಾಗಲೂ ಏನಾದರೂ ಇರ್ತಿತ್ತು.

ಹೋದ ವರ್ಷ ಊರಿಗೆ ಕೊಕ್ಕರೆ ರೋಗ ಬಂತು. ಪುಸ್ತಕದಲ್ಲಿ ಇದಕ್ಕೆ ರಾಣಿಖೇತ್ ಅಂತಾರೆ, ಹೊರದೇಶದಲ್ಲಿ ನ್ಯೂಕ್ಯಾಸಲ್ ಕಾಯಿಲೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಕಾಣಿಸಿತು, 1927ರಲ್ಲಿ ನಮ್ಮ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ. ಹಸಿರು-ಬಿಳಿ ಭೇದಿ, ಬಾಯಿ ತೆರೆದು ಏದುಸಿರು, ಆಮೇಲೆ ಕತ್ತು ತಿರುಚಿಕೊಳ್ಳೋದು. ಒಂದು ವಾರದಲ್ಲಿ ಅವ್ವನ ಹದಿನೇಳು ಕೋಳಿಗಳಲ್ಲಿ ಹದಿನಾಲ್ಕು ಹೋದವು. ಉಳಿದದ್ದು ಎರಡು ಹ್ಯಾಟೆ, ಒಂದು ಹುಂಜ. ಹುಂಜದ ಅಪ್ಪ ಗಿರಿರಾಜ (ಹೆಬ್ಬಾಳದ ಪಶುವೈದ್ಯ ಕಾಲೇಜಿನ ತಳಿ), ಅವ್ವನ ಕಡೆಯಿಂದ ಪಕ್ಕಾ ನಾಟಿ. ಹಾಗಾಗಿ ಮೈ ಗಿರಿರಾಜನದು, ಸಿಟ್ಟು ನಾಟಿದು.

ಈ ಮಳೆಗಾಲದಲ್ಲಿ ಅದೇ ಹುಂಜ ಕಾಯಿಲೆ ಬಿತ್ತು. ನಾನು ವರ್ಕ್ ಫ್ರಮ್ ಹೋಮ್ ಅಂತ ಹದಿನೈದು ದಿನ ಊರಲ್ಲೇ ಇದ್ದೆ. ಜುಟ್ಟಿನ ಮೇಲೆ ಕಪ್ಪು ಕಪ್ಪು ಗಂಟು, ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ಮೇವು ಮುಟ್ಟುತ್ತಿರಲಿಲ್ಲ. ಚಿಕ್ಕಪ್ಪ ಬಂದು ನೋಡಿ ಒಂದೇ ಮಾತು ಹೇಳಿದರು, "ಕೊಕ್ಕರೆ ಬಂದದೆ ಕಣತ್ಗೆ. ಸಾಯಕ್ ಮುಂಚೆ ಕುಯ್ದಾಕಿ, ಒಂದೊತ್ತಿನ್ ಸಾರಾದ್ರೂ ಆಗ್ಲಿ." ಅವ್ವ ಏನೂ ಮಾತಾಡಲಿಲ್ಲ. ಹುಂಜವನ್ನು ಎತ್ತಿಕೊಂಡು ಹೋಗಿ ಮಂಕರಿ ಕೆಳಗೆ ಬಿಟ್ಟು ಅಲ್ಲೇ ಕೂತಳು. ಹೋದ ವರ್ಷದ ಹದಿನಾಲ್ಕು ಅವಳಿಗೆ ನೆನಪಾಗಿರಬೇಕು.

ನಾನು ಬೈಕ್ ಹತ್ತಿ ಪಶು ಆಸ್ಪತ್ರೆಗೆ ಹೋದೆ. ಯಾವ ಊರಿನದು ಅಂತ ಹೇಳಲ್ಲ, ಬೇಡ. ಡಾಕ್ಟರ್ ಫೀಲ್ಡಿಗೆ ಹೋಗಿದ್ದರು, ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಂಜಕ್ಕಾ? ಕುಯ್ಕೊಂಡ್ ತಿನ್ನಿ ಸಾರ್" ಅಂದರು. ಚಿಕ್ಕಪ್ಪ ಹೇಳಿದ್ದೂ ಅದೇ, 'ಸಾರ್' ಒಂದು ಜಾಸ್ತಿ. 1962 ಅನ್ನೋ ಸಹಾಯವಾಣಿ ಇದೆ, ಹಸು ಬಿದ್ದರೆ ನಮ್ಮೂರಲ್ಲಿ ಅದಕ್ಕೆ ಫೋನ್ ಮಾಡ್ತಾರೆ. ಒಂದು ಹುಂಜಕ್ಕೆ ಮಾಡಬಹುದು ಅಂತ ನನಗೇ ಹೊಳೆಯಲಿಲ್ಲ. ಬರೋ ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಕೊಡುವ ಆಂಟಿಬಯಾಟಿಕ್ ಕ್ಯಾಪ್ಸೂಲ್ ತಗೊಂಡು, ಪುಡಿಯಲ್ಲಿ ಕಾಲು ಭಾಗ ನೀರಿಗೆ ಹಾಕಿ ಎರಡು ದಿನ ಕುಡಿಸಿದೆ. ಯಾರೂ ಹೇಳಿದ್ದಲ್ಲ, ನನ್ನದೇ ಬುದ್ಧಿವಂತಿಕೆ. ಸರ್ವರ್ ಕೈಕೊಟ್ಟಾಗ ಲಾಗ್ ನೋಡದೆ ರೀಸ್ಟಾರ್ಟ್ ಮಾಡುವ ಜೂನಿಯರ್‌ಗಳಿಗೆ ನಾನು ಬೈತೀನಿ. ಇಲ್ಲಿ ನಾನು ಮಾಡಿದ್ದು ಅದನ್ನೇ.

ಮೂರನೇ ದಿನ, ಪಿಯುಸಿಯಲ್ಲಿ ಜೊತೆಗಿದ್ದು ಆಮೇಲೆ ವೆಟರ್ನರಿ ಓದಿದ ಗೆಳೆಯನಿಗೆ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಲೋ, ಇದು ಕೊಕ್ಕರೆ ಅಲ್ಲ ಕಣೋ. ಸಿಡುಬು. ಸೊಳ್ಳೆಯಿಂದ ಬರುತ್ತೆ. ವೈರಸ್‌ಗೆ ಆಂಟಿಬಯಾಟಿಕ್ ಕೊಟ್ಟಿದ್ದೀಯಲ್ಲ, ಇಂಜಿನಿಯರ್ರು ಅಂತೆ!" ಗಂಟಿನ ಮೇಲೆ ಬೇರೆ ಸೋಂಕು ಸೇರಿಕೊಂಡರೆ ಡಾಕ್ಟರು ನೋಡಿ ಆಂಟಿಬಯಾಟಿಕ್ ಕೊಡೋದುಂಟು, ಆದರೆ ಅದು ನಾನು ಅಂದಾಜಿನಲ್ಲಿ ಕೊಡೋದಲ್ಲ. ಕೊಟ್ಟ ಔಷಧಿಯ ಅಂಶ ಮಾಂಸದಲ್ಲಿ, ಮೊಟ್ಟೆಯಲ್ಲಿ ಉಳಿದು ನಮ್ಮ ತಟ್ಟೆಗೇ ಬರುತ್ತೆ. ಫಾರಂ ಕೋಳಿಗೆ ಬೇಕಾಬಿಟ್ಟಿ ಕೊಡ್ತಾರೆ ಅಂತಲೇ 2019ರಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಅನ್ನೋ ಔಷಧಿಯನ್ನು ಪ್ರಾಣಿಗಳಿಗೆ ಬಳಸೋದನ್ನು ನಿಷೇಧಿಸಿತು. ಫಾರಂನವರನ್ನು ಬೈಯುವ ನಾವು ಹಿತ್ತಲಲ್ಲಿ ಮಾಡೋದೂ ಅದನ್ನೇ ತಾನೆ?

ಸಿಡುಬಿಗೆ ಔಷಧಿ ಇಲ್ಲ. ಗಂಟು ಒಣಗಿ ಉದುರೋಕೆ ಎರಡು ಮೂರು ವಾರ ಬೇಕು, ಅಷ್ಟು ದಿನ ಕೋಳಿ ಹಸಿವಿನಿಂದ ಸಾಯದ ಹಾಗೆ ನೋಡಿಕೊಂಡರೆ ಬಹಳಷ್ಟು ಬದುಕಿಕೊಳ್ಳುತ್ತವೆ. ಕಣ್ಣು ಕಾಣಲ್ಲ, ಬಾಯಿ ನೋಯುತ್ತೆ, ಹಾಗಾಗಿ ಮೇವು ಮುಂದಿದ್ದರೂ ತಿನ್ನಲ್ಲ. ಅವ್ವ ದಿನಕ್ಕೆ ನಾಲ್ಕು ಸಲ ತೆಳ್ಳಗೆ ರಾಗಿ ಅಂಬಲಿ ಕಾಯಿಸಿ, ಆರಿಸಿ, ಕೊಕ್ಕಿನ ಪಕ್ಕಕ್ಕೆ ತೊಟ್ಟು ತೊಟ್ಟಾಗಿ ಬಿಡ್ತಿದ್ದಳು. ಒಮ್ಮೆಲೇ ಸುರಿದರೆ ಉಸಿರಿನ ನಾಳಕ್ಕೆ ಹೋಗುತ್ತೆ. ನಾನು ಬೆಚ್ಚಗಿನ ಉಪ್ಪುನೀರಲ್ಲಿ ಹತ್ತಿ ಅದ್ದಿ ಕಣ್ಣಿನ ಹಕ್ಕಳೆ ನೆನೆಸ್ತಿದ್ದೆ. ಕೀಳಬಾರದು, ನೆನೆಸಬೇಕಷ್ಟೆ. ಉದುರಿದ ಹಕ್ಕಳೆಯಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತಂತೆ, ಅದನ್ನು ಆರಿಸಿ ಒಲೆಗೆ ಹಾಕೋದು ನನ್ನ ಕೆಲಸ. ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ನಾನು ಏನು ಮಾಡ್ತಿದ್ದೆ ಅಂತ ಟೀಮಿಗೆ ಇವತ್ತು ಗೊತ್ತಾಗಲಿ :) ಅವ್ವ ಬೇವು, ಅರಿಶಿನ, ಕೊಬ್ಬರಿ ಎಣ್ಣೆ ಅರೆದು ಹಚ್ಚಿದಳು. ಅದರಿಂದ ಎಷ್ಟು ವಾಸಿ ಆಯ್ತೋ, ನೊಣವಂತೂ ಕೂರಲಿಲ್ಲ. ಮಂಕರಿ ಮೇಲೆ ನನ್ನ ಹಾಸ್ಟೆಲ್ ಕಾಲದ ಸೊಳ್ಳೆ ಪರದೆ.

ಒಂಬತ್ತನೇ ದಿನ ಬೆಳಿಗ್ಗೆ ಬಲಗಣ್ಣಿನ ಸುತ್ತ ಇದ್ದ ಊತ ಇಳಿದು, ತಾನಾಗೇ ಒಂದಿಷ್ಟು ನುಚ್ಚು ಕುಕ್ಕಿತು. ಎಡಗಣ್ಣು ಮಾತ್ರ ಹೋಯಿತು. ಈಗ ತಟ್ಟೆಯ ಬಲಗಡೆ ಕಾಳು ಮುಗಿದ ಮೇಲೆ ಒಂದು ಸುತ್ತು ತಿರುಗಿ ಎಡಗಡೆಯದನ್ನು ಬಲಗಡೆ ಮಾಡಿಕೊಳ್ಳುತ್ತೆ.

ಇದನ್ನೆಲ್ಲಾ ಆಫೀಸಿನಲ್ಲಿ ಹೇಳಿದಾಗ ಬಂದ ಪ್ರಶ್ನೆಯೇ ಮೇಲಿನ ತಲೆಬರಹ. "ಕೊನೆಗೆ ಹೊಸತೊಡಕಿಗೆ ಕುಯ್ಯೋದೇ ತಾನೆ?" ಹೌದು, ನಾವು ಮಂಡ್ಯದವರು, ಮುದ್ದೆಗೆ ನಾಟಿಕೋಳಿ ಸಾರು ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದರೆ ತಿನ್ನೋದೇ ಆದರೆ ನೋವಲ್ಲಿ ಬಿಡಬಹುದು ಅನ್ನೋ ಲೆಕ್ಕ ನನಗೆ ಅರ್ಥ ಆಗಲ್ಲ. ನಮ್ಮ ಕೈಲಿ ಬೆಳೆದದ್ದು, ನಮ್ಮ ಕೈಲೇ ಹೋಗೋದು, ಅದಕ್ಕೇ ನಡುವಿನ ದಿನಗಳ ಹೊಣೆಯೂ ನಮ್ಮದೇ. ಅವ್ವ ಇದನ್ನು ಇಷ್ಟು ಉದ್ದ ಹೇಳಲ್ಲ. "ಉಣ್ಣಕ್ ಬ್ಯಾರೆ, ನೋಡ್ಕಳಕ್ ಬ್ಯಾರೆ ಮಗ" ಅಂದಳು, ಅಷ್ಟೇ.

ನನ್ನ ನಿಜವಾದ ತಕರಾರು "ಸಾಯೋ ಮುಂಚೆ ಕುಯ್ದುಬಿಡಿ" ಅನ್ನೋ ಸಲಹೆ ಮೇಲೆ. ಇದು ಉಳಿತಾಯದ ಮಾತು ಅನ್ನಿಸುತ್ತೆ, ಊರನ್ನು ಹಾಳು ಮಾಡೋದೇ ಇದು. ಹೋದ ವರ್ಷ ನಡೆದದ್ದು ಹೀಗೆ. ಕಾಯಿಲೆ ಕೋಳಿ ಕುಯ್ದರು, ಪುಕ್ಕ ಕರುಳು ಚರಂಡಿಗೆ ಎಸೆದರು, ನಾಯಿ ಪಕ್ಕದ ಬೀದಿಗೆ ಎಳೆದುಕೊಂಡು ಹೋಯ್ತು. ಇನ್ನು ಕೆಲವರು ಜೋಲು ಹೊಡೆಯೋ ಕೋಳಿಗಳನ್ನು ಅರ್ಧ ರೇಟಿಗೆ ಸಂತೆಯಲ್ಲಿ ಮಾರಿ ಬಂದರು. ಚಿಕ್ಕಪ್ಪನೂ ಮಾರಿದರು (ಅವರು ಇದನ್ನು ಓದಲ್ಲ, ಓದಿದರೂ ಪರವಾಗಿಲ್ಲ, ಮುಖಕ್ಕೇ ಹೇಳಿದ್ದೀನಿ). ಕೊಂಡವನ ಊರಲ್ಲಿ ಮುಂದಿನ ವಾರ ಎಷ್ಟು ಸತ್ತವೋ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಒಂದು ಹುಂಜಕ್ಕೆ ಸಿಡುಬು ಬಂದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಕೋಳಿಗಳು ಒಟ್ಟೊಟ್ಟಿಗೆ ಸಾಯ್ತಿದ್ದರೆ ಮುಟ್ಟಬೇಡಿ, ಕುಯ್ಯಬೇಡಿ, ಇಲಾಖೆಗೆ ತಿಳಿಸಿ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಬಂದದ್ದು ಹಕ್ಕಿಜ್ವರ. ಅದು ಅಂಬಲಿ, ಅರಿಶಿನದ ವಿಷಯ ಅಲ್ಲ.

ಹಾಗಾದರೆ ಕೊಕ್ಕರೆ ರೋಗಕ್ಕೆ ಏನು ದಾರಿ? ಲಸಿಕೆ ಇದೆ. ನಮ್ಮದೇ ಹೆಬ್ಬಾಳದಲ್ಲಿ ಸರ್ಕಾರಿ ಸಂಸ್ಥೆ ತಯಾರಿಸುತ್ತೆ. ಮರಿ ವಾರದ್ದಾಗಿರುವಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎಂಟು ವಾರದ ಹೊತ್ತಿಗೆ ರೆಕ್ಕೆ ಕೆಳಗೆ ಒಂದು ಚುಚ್ಚುಮದ್ದು. ತೊಂದರೆ ಇರೋದು ಲಸಿಕೆಯಲ್ಲಲ್ಲ, ಸೀಸೆಯಲ್ಲಿ. ಸೀಸೆಗೆ ನೂರು, ಇನ್ನೂರು, ಸಾವಿರ ಡೋಸ್. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅಲ್ಲಿವರೆಗೆ ತಣ್ಣಗಿರಬೇಕು. ಎಂಟು ಕೋಳಿಯ ಅವ್ವನಿಗೆ ನೂರು ಡೋಸ್ ಏನಕ್ಕೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬೇಕಿರೋದು ಎಂಟು ಲೈಸೆನ್ಸ್, ಮಾರೋದು ಎಂಟರ್‌ಪ್ರೈಸ್ ಪ್ಯಾಕ್.

2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿಗಳ ಸಂಖ್ಯೆ ಸುಮಾರು 85 ಕೋಟಿ. ಅದರಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲ ಕೋಳಿಗಳು. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಅದೇ 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗಕ್ಕೆ ಹಸು ಎಮ್ಮೆಗಳಿಗೆ ಮನೆ ಬಾಗಿಲಿಗೇ ಬಂದು ಲಸಿಕೆ ಹಾಕ್ತಾರೆ, ಒಳ್ಳೆಯ ಕೆಲಸ. ಹಾಗೆ ಬಂದವರ ಕೈಯಲ್ಲಿ ಐಸ್ ಬಾಕ್ಸ್ ಇರುತ್ತೆ, ಕಾಲ ಬಳಿ ನಮ್ಮ ಕೋಳಿ ಓಡಾಡ್ತಿರುತ್ತೆ! ಆ ಬಾಕ್ಸಿನಲ್ಲಿ ಇನ್ನೊಂದು ಸಣ್ಣ ಸೀಸೆಗೆ ಜಾಗ ಇಲ್ಲವಾ? ಇದನ್ನು ಬೇರೆ ಕಡೆ ಮಾಡಿ ತೋರಿಸಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಿಸಿಲು ತಡೆದುಕೊಳ್ಳುವ ಐ-2 ಅನ್ನೋ ಲಸಿಕೆ ಮಾಡಿದರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ತರಬೇತಿ ಪಡೆದ ಊರಿನವರೇ ನಾಲ್ಕು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಹನಿ ಹಾಕಿ ಸಣ್ಣ ಶುಲ್ಕ ತಗೋತಾರೆ.

ಅಷ್ಟು ದೂರ ಯಾಕೆ, ನಮ್ಮ ಮದ್ದೂರು ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಊರೊಳಗಿನ ಮರದಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುತ್ತೆ, ಬಾಣಂತನಕ್ಕೆ ಬಂದ ಮಗಳು ಅಂತಾರೆ ಅಲ್ಲಿಯವರು. ಗೂಡಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ಹುಡುಗರು ಸಾಕಿ, ಮೀನು ತಿನ್ನಿಸಿ, ಹಾರಲು ಬಿಟ್ಟಿದ್ದಾರೆ. 2018ರ ಸುಮಾರಿಗೆ ಅಲ್ಲಿ ಹೆಜ್ಜಾರ್ಲೆಗಳು ಸತ್ತಾಗ ಡಾಕ್ಟರುಗಳು ಬಂದರು, ಪರೀಕ್ಷೆ ಮಾಡಿದರು, ಹೊಟ್ಟೆಯಲ್ಲಿ ಹುಳ ಅಂತ ಕಂಡುಹಿಡಿದರು. ಬರಬೇಕಾದದ್ದೇ, ಹೆಜ್ಜಾರ್ಲೆಗೆ ಮಾಡಿದ್ದು ತಪ್ಪು ಅಂತ ಹೇಳ್ತಿಲ್ಲ. ಹಕ್ಕಿಯ ಕಷ್ಟ ಅರ್ಥ ಆಗೋ ಜನ ಈ ತಾಲ್ಲೂಕಿನಲ್ಲೇ ಇದ್ದಾರೆ ಅಂದೆ ಅಷ್ಟೇ. ನಮ್ಮ ಹಿತ್ತಲಲ್ಲಿ ಕೊಕ್ಕರೆ ಅನ್ನೋದು ಸಾವಿನ ಹೆಸರಾಗಿಬಿಟ್ಟಿದೆ.

ಸರ್ಕಾರಕ್ಕೆ ಕಾಯೋದು ಬೇಡ ಅಂತ ನಾನೂ ಅವ್ವನೂ ಬೀದಿಯ ಕೋಳಿ ಎಣಿಸಿದೆವು. ಒಂಬತ್ತು ಮನೆ, ಅರವತ್ತಮೂರು ಕೋಳಿ, ಮರಿ ಸೇರಿ. ನೂರು ಡೋಸಿನ ಒಂದು ಸೀಸೆ ಸಾಕು, ಮಿಕ್ಕಿದ್ದು ಹಿಂದಿನ ಬೀದಿಗೆ. ಗೆಳೆಯ ಬಂದು ಹನಿ ಹಾಕೋದು ಹೇಳಿಕೊಡ್ತಾನೆ. ಕೋಳಿಗಳು ಗೂಡಲ್ಲಿರುವಾಗಲೇ, ಬೆಳಿಗ್ಗೆ ಆರಕ್ಕೆ ಶುರು ಮಾಡಬೇಕು. ಬಿಟ್ಟ ಮೇಲೆ ಹಿಡಿಯೋದು ನನ್ನ ಕೈಲಿ ಆಗಲ್ಲ.

ಶನಿವಾರ ರಾತ್ರಿ ಇಲ್ಲಿಂದ ಹೊರಡ್ತಿದ್ದೀನಿ, ಐಸ್ ತುಂಬಿದ ಫ್ಲಾಸ್ಕ್ ಹಿಡ್ಕೊಂಡು. ಎಂಟು ಮನೆ ಒಪ್ಪಿವೆ. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ, "ಕೋಳಿಗೂ ಪೋಲಿಯೋ ಹನಿ ಹಾಕಕ್ ಬಂದವ್ನೆ" ಅಂತ ನಗಾಡ್ತಿದ್ದಾರಂತೆ. ಅವರ ಹನ್ನೊಂದು ಕೋಳಿ ಸಾಯಂಕಾಲ ಮಲಗೋದು ನಮ್ಮ ಕೊಟ್ಟಿಗೆ ಅಟ್ಟದ ಮೇಲೆ, ಅದೊಂದು ಅನುಕೂಲ ಇದೆ.