'ನಮ್ಮ ನಾಯಿ ಏನೂ ಮಾಡಲ್ಲ' ಅನ್ನೋ ಮುಂಚೆ

ಸಿಂಗಪುರದ ಅಕ್ಕನ ಮನೆಗೆ ಹೋದಾಗ ನನಗೆ ತುಂಬಾ ಇಷ್ಟವಾದ ಜಾಗ ಈಸ್ಟ್ ಕೋಸ್ಟ್ ಪಾರ್ಕ್. ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಪಾರ್ಕ್ ಅದು. ಟಿಕೆಟ್ ಇಲ್ಲ. ಒಂದು ಕಡೆ ಮರಳು, ಇನ್ನೊಂದು ಕಡೆ ಮರಗಳ ನೆರಳು, ದೂರದಲ್ಲಿ ಸಾಲುಗಟ್ಟಿ ನಿಂತ ಹಡಗುಗಳು. ಪುಳಿಯೋಗರೆ ಕಟ್ಟಿಕೊಂಡು ಹೋಗಿ ಚಾಪೆ ಹಾಸಿ ಕೂತರೆ ಅಡುಗೆಮನೆಯ ನೆನಪೇ ಬರಲ್ಲ.

ಅಕ್ಕನ ಜೊತೆ ಅವಳ ನಾಯಿ ಬ್ರೂನೋ ಕೂಡ ಬರುತ್ತಿತ್ತು. ಮಕ್ಕಳು ಓದಲು ಹೊರಗೆ, ಭಾವ ಆಫೀಸಿನಲ್ಲಿ. ಮಾತಾಡಲು ಅವಳಿಗೆ ಅದೇ ಆಸರೆ. ಒಂದು ಸಂಜೆ ಮರಳಿನ ಮೇಲೆ 'ಎರಡೇ ನಿಮಿಷ' ಅಂತ ಚೈನು ಬಿಚ್ಚಿದಳು. ಬ್ರೂನೋ ನೇರವಾಗಿ ಮಲಯ್ ಕುಟುಂಬವೊಂದರ ಚಾಪೆಗೆ ಓಡಿ, ಪುಟ್ಟ ಹುಡುಗಿಯ ಕೈ ನೆಕ್ಕಿಬಿಟ್ಟಿತು. ಮಗು ಕಿಟಾರನೆ ಕಿರುಚಿತು. ಅಕ್ಕ ದೂರದಿಂದಲೇ ನಗುತ್ತಾ, 'ಹೆದರಬೇಡಿ, ಏನೂ ಮಾಡಲ್ಲ' ಎಂದಳು. ಮಗುವಿನ ಅಜ್ಜಿ ಬೈಯಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಕೈ ತೊಳೆಸಲು ಹೊರಟರು. ಅವರು ವಾಪಸ್ ಬರೋದರೊಳಗೆ ಮಿಕ್ಕವರು ಊಟದ ಡಬ್ಬಿ ಮುಚ್ಚಿ, ಚಾಪೆ ಮಡಚಿದ್ದರು. ಬೈದಿದ್ದರೇ ಚೆನ್ನಾಗಿತ್ತು!

ಬ್ರೂನೋ ನಿಜವಾಗಿಯೂ ಕಚ್ಚುವ ನಾಯಿ ಅಲ್ಲ. ಆದರೆ ಅದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಅನೇಕ ಮುಸ್ಲಿಮರಿಗೆ ನಾಯಿಯ ಜೊಲ್ಲು ತಾಗಿದರೆ ಶುದ್ಧ ಮಾಡಿಕೊಳ್ಳಲೇಬೇಕು. ಮಡಿ-ಮೈಲಿಗೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ನಮ್ಮ ನಾಯಿ ನಮಗೆ ಮಗು, ಎದುರಿನವರಿಗೆ ಅದು ಬರೀ ನಾಯಿ. ಏನೂ ಮಾಡಲ್ಲ ಅಂತ ತೀರ್ಮಾನಿಸುವ ಹಕ್ಕು ನಮ್ಮದಲ್ಲ, ಹೆದರಿದವರದು.

ಹಾಗಂತ ನಾಯಿಯನ್ನು ಮನೆಯಲ್ಲೇ ಕೂಡಿಹಾಕಬೇಕಿಲ್ಲ. ನಿಯಮಗಳು ಸರಳವಾಗಿಯೇ ಇವೆ. ಸಿಂಗಪುರದಲ್ಲಿ ನಾಯಿಗೆ ಲೈಸೆನ್ಸ್ ಇರಬೇಕು, ಸಾರ್ವಜನಿಕ ಜಾಗದಲ್ಲಿ ಚೈನು ಕೈಯಲ್ಲೇ ಇರಬೇಕು, ಅದು ಗಲೀಜು ಮಾಡಿದರೆ ನಾವೇ ಎತ್ತಬೇಕು, ತಪ್ಪಿದರೆ ದಂಡ. ಬಿಟ್ಟು ಆಡಿಸಲು ಈಸ್ಟ್ ಕೋಸ್ಟ್, ಬಿಷಾನ್ ಪಾರ್ಕುಗಳಲ್ಲಿ ಬೇಲಿ ಹಾಕಿದ ಜಾಗವೇ ಇದೆ. ಬುಕಿಟ್ ತಿಮಾದಂಥ ರಕ್ಷಿತ ಕಾಡಿಗೆ ಮಾತ್ರ ಕರೆದೊಯ್ಯುವಂತಿಲ್ಲ, ಕಾಡುಪ್ರಾಣಿಗಳಿಗೆ ತೊಂದರೆ. ಮೆಟ್ರೋ ರೈಲಿಗೂ ಹತ್ತಿಸಲ್ಲ. ಹೋಗುವ ಮುಂಚೆ ಇದೆಲ್ಲ ನೋಡಿಕೊಂಡರೆ ಅರ್ಧ ದಾರಿಯಿಂದ ವಾಪಸ್ ಬರೋದು ತಪ್ಪುತ್ತೆ.

ನಾಯಿಯ ಕಷ್ಟವನ್ನೂ ನೋಡಬೇಕಲ್ವೇ? ಮಧ್ಯಾಹ್ನದ ಮರಳಿನ ಮೇಲೆ ನಿಮ್ಮ ಅಂಗೈ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗಲ್ಲ. ಬೆಳಗ್ಗೆ ಅಥವಾ ಸಂಜೆ ಹೋಗಿ. ಬಾಯಾರಿಕೆಗೆ ಸಮುದ್ರದ ನೀರು ಕುಡಿದರೆ ವಾಂತಿ-ಭೇದಿ ಆಗಬಹುದು, ಬಾಟಲಿಯಲ್ಲಿ ನೀರು ಒಯ್ಯಿರಿ. ಮನೆಗೆ ಬಂದ ಮೇಲೆ ಕಾಲಿನ ಉಪ್ಪು-ಮರಳನ್ನು ತೊಳೆದು ಒರೆಸಿ.

ಈ ಮಾತು ಸಿಂಗಪುರಕ್ಕಷ್ಟೇ ಅಲ್ಲ. 2022ರಲ್ಲಿ ನಮ್ಮ ಕಬ್ಬನ್ ಪಾರ್ಕಿನಲ್ಲೂ ಸಾಕುನಾಯಿಗಳನ್ನು ನಿಷೇಧಿಸುವ ಮಾತು ಬಂದಿತ್ತು. ದೂರು ಏನಿತ್ತು ಗೊತ್ತೇ? ಚೈನಿಲ್ಲದ ನಾಯಿ, ಎತ್ತದೆ ಬಿಟ್ಟ ಗಲೀಜು. ನಾಲ್ಕು ಜನರ ಉದಾಸೀನಕ್ಕೆ ಎಲ್ಲಾ ನಾಯಿಗಳೂ ಬೆಲೆ ತೆರಬೇಕಾಗುತ್ತೆ.

ಮರುದಿನ ಅಕ್ಕ ಅದೇ ಜಾಗದಲ್ಲಿ ಆ ಅಜ್ಜಿಯನ್ನು ಹುಡುಕಿದಳು, ಕ್ಷಮೆ ಕೇಳೋಣ ಅಂತ. ಅವರು ಸಿಗಲಿಲ್ಲ. ಈಗ ಯಾರದಾದರೂ ಚಾಪೆ ಕಂಡರೆ ಸಾಕು, ಅವಳ ಕೈ ತಾನಾಗಿ ಚೈನು ಗಿಡ್ಡ ಮಾಡುತ್ತೆ. ನಾವೂ ಅಷ್ಟು ಮಾಡಿದರೆ ಸಾಕಲ್ವೇ ಗೆಳತಿಯರೇ?