ಕಂಡರಿಸಿದವನ ಹೆಸರು

ಕಲ್ಲಿನ ಮೇಲೆ ತಮ್ಮ ಹೆಸರು ನಿಲ್ಲಬೇಕೆಂದು ಅರಸರೂ ದಾನಿಗಳೂ ಹಂಬಲಿಸಿದರು. ಅದನ್ನು ನಿಲ್ಲಿಸಿದ ಕೈ ಯಾರದೆಂದು ಕೇಳುವ ಅಭ್ಯಾಸ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ. ಚಿಕ್ಕೋಡಿ ಸೀಮೆಯ ಯಕ್ಸಂಬಿಯಲ್ಲಿ ನೇಮಿನಾಥ ಬಸದಿಯನ್ನು ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಲಣನು ಕಟ್ಟಿಸಿದನೆಂದು ಅಲ್ಲಿಯ 1165ರ ಶಾಸನ ಹೇಳುತ್ತದೆ. ರಾಯಬಾಗದ ಶಾಸನಗಳಿಂದ ರಟ್ಟ ಅರಸರನ್ನು ಅರಿಯುತ್ತೇವೆ. ಇತಿಹಾಸದ ಪಾಠ ಅಲ್ಲಿಗೆ ಮುಗಿಯುತ್ತದೆ. ಉಳಿಯ ಕಥೆ ಶುರುವಾಗುವುದೇ ಇಲ್ಲ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯಲ್ಲಿ, 1129ರ ಮಲ್ಲಿಷೇಣ ಪ್ರಶಸ್ತಿಯಿದೆ. ಅದನ್ನು ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. 'ಬಿರುದರೂವಾರಿ ಮುಖತಿಲಕ'ನೆಂಬುದು ಅವನ ಬಿರುದು. ಬರೆದವನಿಗೂ ಕೊರೆದವನಿಗೂ ಒಂದೇ ಕಲ್ಲಿನಲ್ಲಿ ಸ್ಥಾನವಿತ್ತ ಆ ಕಾಲದ ಔದಾರ್ಯ ನಮ್ಮ ಕಾಲಕ್ಕೆ ಏಕಿಲ್ಲ?

ಬರೆದ ಗೆರೆಯ ಮೇಲೆ ಉಳಿ ನಡೆಸಿದವನಿಗೆ ಇಷ್ಟು ಹಿರಿಮೆಯೇಕೆಂದು ಕೆಲವರು ಕೇಳಬಹುದು. ಅವರು ಒಮ್ಮೆ ಜಾಕ್ ಕಾಲೊನನ್ನು ನೆನೆಯಲಿ. 1592ರಲ್ಲಿ ಲೊರೇನಿನ ನಾನ್ಸಿ ನಗರದಲ್ಲಿ ಹುಟ್ಟಿ, ಫ್ಲಾರೆನ್ಸಿನ ಮೆಡಿಚಿ ಆಸ್ಥಾನದಲ್ಲಿ ಹೆಸರು ಮಾಡಿ, 1635ರಲ್ಲಿ ತೀರಿಕೊಂಡ ಈತನೂ ಕೊರೆಯುವ ಕಸುಬಿನವನೇ. ಆದರೆ ತಾಮ್ರದ ತಗಡಿನ ಮೇಲೆ. ತಗಡಿಗೆ ಮೆದು ಮೇಣ ಬಳಿದು, ಅದರಲ್ಲಿ ಗೆರೆಯೆಳೆದು, ಆಮ್ಲದಿಂದ ಕೊರೆಸುವುದು ಅಂದಿನ ರೂಢಿ. ಮೇಣ ಅಲ್ಲಲ್ಲಿ ಎದ್ದು ಚಿತ್ರ ಕೆಡುತ್ತಿತ್ತು. ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷನ್ನು ಕಾಲೊ ತಗಡಿಗೆ ತಂದ. ಒಂದೇ ಗೆರೆ ತೆಳುವಾಗಿ ಹೊರಟು ದಪ್ಪವಾಗಿ ಉಬ್ಬುವಂತೆ ಓರೆಮೂತಿಯ ಉಳಿಯನ್ನು ಬಳಸಿದ. ಬ್ರೇಡಾ ಮುತ್ತಿಗೆಯ ಚಿತ್ರವನ್ನು ಅರಸುಮನೆಯವರು ಹೇಳಿ ಮಾಡಿಸಿದರು, ನಿಜ. ವಸ್ತು ಅವರದು, ಗೆರೆ ಅವನದು. 1633ರ 'ಯುದ್ಧದ ಮಹಾಕ್ಲೇಶಗಳು' ಎಂಬ ಗೇಣುದ್ದದ 18 ಚಿತ್ರಗಳಲ್ಲಿ ಸೈನಿಕರು ರೈತನ ಮನೆ ದೋಚುತ್ತಾರೆ, ಮರವೊಂದರ ತುಂಬ ಹೆಣಗಳು ತೂಗುತ್ತವೆ, ರೈತರು ಸೇಡು ತೀರಿಸಿಕೊಳ್ಳುತ್ತಾರೆ. ಆ ವರ್ಷವೇ ಹದಿಮೂರನೆಯ ಲೂಯಿ ನಾನ್ಸಿಯನ್ನು ಗೆದ್ದ. ಆ ಗೆಲುವನ್ನು ಚಿತ್ರಿಸೆಂದಾಗ, ಅದಕ್ಕಿಂತ ಹೆಬ್ಬೆರಳನ್ನೇ ಕತ್ತರಿಸಿಕೊಂಡೇನೆಂದು ಕಾಲೊ ಹೇಳಿದನೆಂಬ ಕಥೆಯಿದೆ. ಏಕಲವ್ಯನನ್ನು ಬಲ್ಲ ನಮಗೆ ಆ ಮಾತಿನ ಭಾರವನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲೊನ ತಗಡಿನಿಂದ ಕಾಗದಕ್ಕೆ ಚಿತ್ರ ಇಳಿಯಿತು. ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ನಾವು ಶಾಸನದ ಪಡಿಯಚ್ಚು ತೆಗೆಯುವಾಗ ಗಂಗಾಚಾರಿಯ ಕೈಯೂ ಹಾಗೆಯೇ ಕಾಗದಕ್ಕೆ ಇಳಿಯುತ್ತದೆ. ಬಳಿಕ ಪಾಠವನ್ನು ಅಚ್ಚಿನ ಅಕ್ಷರಗಳಲ್ಲಿ ಜೋಡಿಸುತ್ತೇವೆ; ವಿಷಯ ಉಳಿಯುತ್ತದೆ, ಕೈ ಹೋಗುತ್ತದೆ. ಆದುದರಿಂದ ಶಾಸನಪಾಠದ ಜೊತೆಗೆ ಪಡಿಯಚ್ಚೂ ವಿದ್ಯಾರ್ಥಿಯ ಮುಂದಿರಬೇಕೆಂಬುದು ನನ್ನ ವಾದ. ಅಥಣಿ, ಕಾಗವಾಡ, ನಿಪ್ಪಾಣಿಗಳ ಉಪಾಧ್ಯಾಯರು ಮಕ್ಕಳನ್ನು ಶಾಸನದ ಬಳಿಗೆ ಕರೆದೊಯ್ದಾಗ ಅರಸನ ಬಿರುದಾವಳಿಯನ್ನು ಬೇಗ ದಾಟಿಸಲಿ. ಕೊನೆಯ ಸಾಲಿನಲ್ಲಿ ಹೆಸರೊಂದಿದ್ದರೆ ಅದನ್ನು ಗಟ್ಟಿಯಾಗಿ ಓದಿಸಲಿ, ಹೆಸರಿಲ್ಲದಿದ್ದರೆ ಅಕ್ಷರದ ತಿರುವನ್ನು ಬೆರಳಿನಿಂದ ತಡವಿ ನೋಡಲು ಬಿಡಲಿ.