ಊರಿನ ಬಯಲಿಗೆ ಒಡೆಯರಾರು?

ಪಟ್ಟಣದ ಉದ್ಯಾನವು ತೋಟಿಗನ ಕೈಯಿಂದ ಹುಟ್ಟುವದೆಂದು ಜನರು ಸಾಮಾನ್ಯವಾಗಿ ಭಾವಿಸುವರು. ವಾಸ್ತವದಲ್ಲಿ ಅದು ಹುಟ್ಟುವದು ಕಚೇರಿಯ ನಕಾಶೆಯಲ್ಲಿ, ಅಳಿಯುವದೂ ಅಲ್ಲಿಯೇ. ಗೆರೆಯನ್ನು ಎಳೆಯುವವರಾರು, ಎಳೆದ ಗೆರೆಯನ್ನು ಅಳಿಸುವ ಅಧಿಕಾರ ಯಾರಿಗಿದೆ, ಆ ಸುದ್ದಿಯು ಪೌರರಿಗೆ ಮೊದಲು ತಿಳಿಯುವದೋ ಕಡೆಗೆ ತಿಳಿಯುವದೋ, ಈ ಮೂರು ಪ್ರಶ್ನೆಗಳೇ ಬಯಲಿನ ರೂಪವನ್ನು ನಿರ್ಣಯಿಸುವವು. ಗಿಡ, ಕಲ್ಲುಹಾಸು, ಕಾರಂಜಿಗಳು ಅನಂತರದ ಮಾತು.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಸಂಗತಿಯನ್ನು ನೋಡಿರಿ. 1945ರ ನಗರಾಭಿವೃದ್ಧಿ ಕಾಯಿದೆಯ ಮೇರೆಗೆ ರಚಿತವಾದ ಯೋಜನೆಯಲ್ಲಿ ಅಲ್ಲಿಯ ಒಂದು ಜಾಗವನ್ನು ಉದ್ಯಾನಕ್ಕೆಂದು ಕಾದಿರಿಸಲಾಗಿತ್ತು. 1976ರಲ್ಲಿ ಸರಕಾರದ ಆಜ್ಞೆಯಂತೆ ಅದೇ ಜಾಗವು ಖಾಸಗಿ ಆಸ್ಪತ್ರೆಗಾಗಿ ಮಂಜೂರಾಯಿತು. ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಮುದ್ದಪ್ಪ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಂಜೂರಾತಿಯು ಅಸಿಂಧುವೆಂದು ನಿರ್ಣಯಿಸಿತು. ಆಸ್ಪತ್ರೆಯೂ ಬೇಡವೆ ಎಂದು ಕೇಳುವವರಿರಬಹುದು. ಅವಶ್ಯವಾಗಿ ಬೇಕು. ಆದರೆ ಉದ್ಯಾನವು ಸರ್ವರ ಸೊತ್ತು, ಖಾಸಗಿ ಆಸ್ಪತ್ರೆಯು ಹಣ ತೆರಬಲ್ಲವರದು. ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು. ಮೇಲಾಗಿ, ಯೋಜನೆಯನ್ನು ಬದಲಿಸುವ ವಿವೇಚನೆಯನ್ನು ಕಾಯಿದೆಯು ಪ್ರಾಧಿಕಾರಕ್ಕೆ ಒಪ್ಪಿಸಿತ್ತು. ಮೇಲಿನವರ ಅಪ್ಪಣೆಗೆ ತಲೆಬಾಗುವದು ವಿವೇಚನೆಯಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಈ ಪ್ರಕರಣವು ಇತ್ಯರ್ಥವಾಗಲು ಆಜ್ಞೆಯಿಂದ ತೀರ್ಪಿನವರೆಗೆ 15 ವರ್ಷಗಳು ಹಿಡಿದವು!

ಕಾಯಿದೆಗಳ ಬಡತನವೇನೂ ನಮಗಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಗೆ 1984ರಲ್ಲಾದ ತಿದ್ದುಪಡಿಯು ಬಡಾವಣೆಯ ಶೇಕಡಾ 15 ಭಾಗವನ್ನು ಉದ್ಯಾನ ಹಾಗೂ ಆಟದ ಬಯಲುಗಳಿಗೂ, ಶೇಕಡಾ 10 ಭಾಗವನ್ನು ನಾಗರಿಕ ಸೌಕರ್ಯಗಳಿಗೂ ಬಿಡಬೇಕೆಂದು ವಿಧಿಸಿತು. 1992ರ 74ನೆಯ ಸಂವಿಧಾನ ತಿದ್ದುಪಡಿಯು ನಗರ ಯೋಜನೆಯನ್ನೂ ಉದ್ಯಾನಗಳನ್ನೂ ಪೌರಸಂಸ್ಥೆಗಳ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. ಅಧಿಕಾರವನ್ನು ಕೊಡುವದು ಬಿಡುವದು ಮಾತ್ರ ರಾಜ್ಯದ ಶಾಸನಸಭೆಯ ಇಚ್ಛೆಗೆ ಉಳಿಯಿತು. ಇನ್ನು ಶೇಕಡಾವಾರು ಲೆಕ್ಕವು ವಿಸ್ತೀರ್ಣವನ್ನು ಕೇಳುವದೇ ಹೊರತು ನೆರಳನ್ನು ಕೇಳುವದಿಲ್ಲ. ನಿವೇಶನವಾಗಿ ಮಾರಲಾಗದ ತಗ್ಗನ್ನೋ ಮೂಲೆಯನ್ನೋ ಉದ್ಯಾನವೆಂದು ಬರೆದರೂ ಲೆಕ್ಕವು ತುಂಬುವದು. ಕೂಸು ಆಡಲಾರದು, ಮುದುಕರು ಕೂಡಲಾರರು.

ಇದು ರಾಜಧಾನಿಯ ಚಿಂತೆಯೆಂದು ನಮ್ಮ ರಾಯಚೂರು ಸೀಮೆಯವರು ಸುಮ್ಮನಿರಲಾಗದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬೆಳೆದ ಸಿಂಧನೂರಿಗೂ, ಮಸ್ಕಿ, ಲಿಂಗಸುಗೂರುಗಳಿಗೂ ಇದೇ ಪ್ರಶ್ನೆಯಿದೆ. ವಳಕಮದಿನ್ನಿಯಂತಹ ಹಳ್ಳಿಯಿಂದ ಸಂತೆಗೋ ಕಚೇರಿಗೋ ಬರುವ ರೈತನಿಗೆ ಬೇಸಿಗೆಯ ಮಧ್ಯಾಹ್ನ ಬೇಕಾಗುವದು ಒಂದು ಮರದ ನೆರಳು, ಒಂದು ಕಟ್ಟೆ, ಕುಡಿಯುವ ನೀರು. ಆತನ ಮತವಿರುವದು ತನ್ನ ಪಂಚಾಯತಿಯಲ್ಲಿ. ಪಟ್ಟಣದ ಸಭೆಯಲ್ಲಿ ಆತನ ಪರವಾಗಿ ಮಾತಾಡುವವರಾರು?

ಆದುದರಿಂದ ನಮ್ಮ ಸೂಚನೆಗಳು ಮೂರು. ನಕಾಶೆಯಲ್ಲಿ ಬಯಲನ್ನು ಮೊದಲು ಗುರುತಿಸಿ, ನಿವೇಶನಗಳನ್ನು ಅನಂತರ ಗುರುತಿಸತಕ್ಕದ್ದು. ಕರಡು ನಕಾಶೆಯನ್ನು ಕನ್ನಡದಲ್ಲಿ, ಬಸ್ ನಿಲ್ದಾಣ ಹಾಗೂ ಸಂತೆಕಟ್ಟೆಗಳಲ್ಲಿಯೂ ತೂಗಹಾಕತಕ್ಕದ್ದು. ಕಾದಿರಿಸಿದ ಜಾಗದ ಉದ್ದೇಶವನ್ನು ಬದಲಿಸುವ ಮೊದಲು ಪುರಸಭೆಯ ಬಹಿರಂಗ ಸಭೆಯಲ್ಲಿ ಕಾರಣಗಳನ್ನು ಲಿಖಿತವಾಗಿ ಮಂಡಿಸತಕ್ಕದ್ದು. ಇವು ಯಾವುದಕ್ಕೂ ಬೊಕ್ಕಸದ ಹಣ ಹೆಚ್ಚು ಬೇಡ. ಅಧಿಕಾರಿಗಳ ಮನಸ್ಸೂ ಪೌರರ ಎಚ್ಚರವೂ ಸಾಕು. ಕಟ್ಟಡ ಎದ್ದ ಮೇಲೆ ಕೂಗುವದಕ್ಕಿಂತ ಗೆರೆ ಬೀಳುವಾಗ ಕೇಳುವದು ಲೇಸು.